ಹಾರಿಸಿದ ತೋಟಾಗೆ ಮತ್ತೆ ಮದ್ದು ತುಂಬಿಕೊಂಡರೆ ಲಾಭವಿದೆಯೇ?

ಓದುಗರ ಪ್ರಶ್ನೆ: ನಮ್ಮದು ಮಳವಳ್ಳಿ ತಾಲ್ಲೂಕು. ತಂದೆಯವರ ಕಾಲದ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿ ಈಗ ನನ್ನ ಹೆಸರಿನ ಲೈಸೆನ್ಸಿಗೆ ಬಂದಿದೆ. ಕಬ್ಬಿಗೆ, ಮುಸುಕಿನ ಜೋಳಕ್ಕೆ ಹಂದಿ ಕಾಟ ಇದ್ದದ್ದೇ. ಹೆದರಿಸಲೆಂದು ಆಗಾಗ ಹಾರಿಸುತ್ತೇವೆ. ತೋಟಾ ಬೆಲೆ ಏರುತ್ತಲೇ ಇದೆ. ಟೆಕ್ಸಾಸಿನಲ್ಲಿರುವ ನಮ್ಮ ಅಕ್ಕನ ಮಗ ಖಾಲಿ ತೋಟಾಗಳಿಗೆ ಮದ್ದು, ಚರೆ ತಾನೇ ತುಂಬಿಕೊಳ್ಳುತ್ತಾನೆ. ಅರ್ಧಕ್ಕರ್ಧ ಉಳಿತಾಯ ಅನ್ನುತ್ತಾನೆ. ಮುಂದಿನ ಸಲ ಬರುವಾಗ ಅದಕ್ಕೆ ಬೇಕಾದ ಪ್ರೆಸ್ ಎಂಬ ಕೈಯಂತ್ರ ತಂದುಕೊಡುತ್ತಾನಂತೆ. ನಾನೂ ಹಾರಿಸಿದ ತೋಟಾಗಳನ್ನು ಡಬ್ಬಿಯಲ್ಲಿ ಕೂಡಿಟ್ಟಿದ್ದೇನೆ. ಮನೆಯಲ್ಲಿ ಇದನ್ನು ಮಾಡಬಹುದೇ, ಲಾಭ ಇದೆಯೇ? ಮಗಳು ಮೈಸೂರಿನಲ್ಲಿ ಓದುತ್ತಾ ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ಅವಳಿಗೂ ಉಪಯೋಗಕ್ಕೆ ಬಂದೀತೇ?

ಉತ್ತರ: ಅಕ್ಕನ ಮಗನಿಗೆ ಇವತ್ತೇ ಫೋನ್ ಮಾಡಿ, ಪ್ರೆಸ್ ತರಬೇಡ ಎಂದು ಹೇಳಿಬಿಡಿ. ಲಾಭ ನಷ್ಟದ ಮಾತು ಆಮೇಲೆ. ಅವನು ಇರುವ ಕಡೆ ಅದು ಅಂಗಡಿಯಲ್ಲಿ ಸಿಗುವ ಸಾಮಾನು. ಇಲ್ಲಿ ಅದು ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮೇಲೆಯೇ ಕೇಸಾಗಬಹುದಾದ ವಸ್ತು.

ಕಾರಣ ಸರಳ. 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡು ಅಂದರೆ ಏನು ಎಂದು ಎರಡನೇ ಕಲಮಿನಲ್ಲಿ ಹೇಳುವಾಗ ತುಂಬಿದ ತೋಟಾ ಒಂದನ್ನೇ ಹೇಳುವುದಿಲ್ಲ. ಅದರ ಬಿಡಿಭಾಗಗಳನ್ನೂ, ಅದನ್ನು ತಯಾರಿಸುವ ಯಂತ್ರವನ್ನೂ ಅದೇ ಪಟ್ಟಿಗೆ ಸೇರಿಸುತ್ತದೆ. ಅಂದಮೇಲೆ ಪ್ರೆಸ್ಸು, ಅದರ ಅಚ್ಚಾದ ಡೈ, ಬಡಿದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಹೊಸ ಕೇಪುಗಳು ಎಲ್ಲವೂ ಆ ವ್ಯಾಖ್ಯೆಯ ಒಳಗೇ ಬಂದವು. ಐದನೇ ಕಲಮು ತಯಾರಿಕೆಗೆ ಬೇರೆಯೇ ಲೈಸೆನ್ಸು ಬೇಕೆನ್ನುತ್ತದೆ. ನಿಮ್ಮ ಹತ್ತಿರ ಇರುವುದು ಕೋವಿ ಮತ್ತು ತೋಟಾ ಇಟ್ಟುಕೊಳ್ಳುವ ಲೈಸೆನ್ಸು. ತೋಟಾ ತಯಾರಿಸುವ ಹಕ್ಕು ಅದರಿಂದ ಬರುವುದಿಲ್ಲ. ‘ಮಾರಾಟಕ್ಕಲ್ಲ, ನನ್ನ ಕೋವಿಗೆ ಮಾತ್ರ’ ಎಂಬ ಸಮಜಾಯಿಷಿಗೂ ಅಲ್ಲಿ ಜಾಗವಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಹಿಂದೆ ಅದು 3ರಿಂದ 7 ವರ್ಷ ಇತ್ತು. ಹಂದಿ ಕಾಟಕ್ಕೆ ಪರಿಹಾರ ಹುಡುಕುವ ರೈತರೊಬ್ಬರು ನಾಲ್ಕು ತೋಟಾ ಉಳಿಸಲು ಹೋಗಿ ಈ ಕಲಮಿಗೆ ಸಿಕ್ಕಿಬೀಳುವುದನ್ನು ನನ್ನಿಂದ ನೋಡಲಾಗದು.

‘ಪಕ್ಕದ ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ’ ಎಂದು ನಮ್ಮ ಕಡೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ವಿನಾಯ್ತಿ ಇರುವುದು ನಿಜ. ಅದು ಕೋವಿ ಹೊಂದುವ ಬಗ್ಗೆ ಇರುವ ವಿನಾಯ್ತಿ. ತೋಟಾ ತಯಾರಿಸುವ ಪರವಾನಗಿ ಅಲ್ಲ.

ಇನ್ನು ಮದ್ದಿನ ವಿಷಯ. ಅದು 1884ರ ಸ್ಫೋಟಕಗಳ ಕಾಯ್ದೆ, 2008ರ ಸ್ಫೋಟಕಗಳ ನಿಯಮಗಳ ಕೆಳಗೆ ಬರುತ್ತದೆ. ಅದನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯ ಮುಖ್ಯ ಕಚೇರಿ ನಾಗಪುರದಲ್ಲಿದೆ. ಟೆಕ್ಸಾಸಿನ ಅಂಗಡಿಯಲ್ಲಿ ಒಂದೊಂದು ಪೌಂಡಿನ ಡಬ್ಬಿಯಲ್ಲಿ, ಮೇಲೆ ಮದ್ದಿನ ಹೆಸರು, ನಂಬರು ಅಚ್ಚಾಗಿ ಸಿಗುವ ಹೊಗೆರಹಿತ ಮದ್ದನ್ನು ನಮ್ಮಲ್ಲಿ ಕೋವಿ ಅಂಗಡಿಗೆ ಹೋಗಿ ಕೇಳಿ ತರುವ ಹಾಗಿಲ್ಲ. ಈ ಮಾತು ನೆನಪಿರಲಿ, ಮುಂದೆ ಇದೇ ಮುಖ್ಯವಾಗುತ್ತದೆ.

ಇಷ್ಟಕ್ಕೇ ‘ಆಗುವುದಿಲ್ಲ’ ಎಂದು ಮುಗಿಸಬಹುದಿತ್ತು. ಆದರೆ ಕಾನೂನು ಹೆದರಿಸಿದ್ದನ್ನು ಜನ ಮರೆಯುತ್ತಾರೆ, ಒಳಗಿನ ಕೆಲಸ ಅರ್ಥವಾದರೆ ಮರೆಯುವುದಿಲ್ಲ. ನಿಮ್ಮ ಅಕ್ಕನ ಮಗ ಮಾಡುತ್ತಿರುವುದು ಕೀಳು ಕೆಲಸವೂ ಅಲ್ಲ, ಹುಚ್ಚಾಟವೂ ಅಲ್ಲ. ತಿಳಿದವರ ಕೈಯಲ್ಲಿ ಅದು ಶ್ರದ್ಧೆಯ ಕೆಲಸ. ಅಲ್ಲಿ ಅದು ಯಾಕೆ ನಡೆಯುತ್ತದೆ, ಇಲ್ಲಿ ಯಾಕೆ ನಡೆಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ನೀವು ಕೂಡಿಟ್ಟ ಡಬ್ಬಿಯಿಂದ ಒಂದು ಖಾಲಿ ತೋಟಾ ಕೈಗೆ ತೆಗೆದುಕೊಳ್ಳಿ. ಬುಡದಲ್ಲಿ ಹಿತ್ತಾಳೆ ಬಣ್ಣದ ಲೋಹದ ಟೋಪಿ, ಅದರ ನಡುವೆ ಕೇಪು, ಕೇಪಿನ ಮೇಲೆ ಕೋವಿಯ ಮೊಳೆ ಹೊಡೆದ ಗುಳಿ. ಮೇಲಿನದು ಪ್ಲಾಸ್ಟಿಕ್ ಕೊಳವೆ. ಹೊಸದರಲ್ಲಿ ಬಾಯಿ ಹೂವಿನ ಎಸಳಿನ ಹಾಗೆ ಒಳಕ್ಕೆ ಮಡಚಿಕೊಂಡಿರುತ್ತದೆ, ಆರು ಮಡಿಕೆ ಇಲ್ಲವೇ ಎಂಟು. ಹಾರಿಸಿದ ಮೇಲೆ ಆ ಎಸಳು ಬಿಚ್ಚಿ, ಅಂಚು ಸುಟ್ಟು, ಕೆಲವದರಲ್ಲಿ ಉದ್ದಕ್ಕೆ ಸೀಳಿರುತ್ತದೆ. ಬೆಳಕಿಗೆ ಹಿಡಿದು ಒಳಗೆ ನೋಡಿ. ಬುಡದಲ್ಲಿರುವ ದಪ್ಪ ಬಿಲ್ಲೆ ಎಲ್ಲ ಕಂಪನಿಯದರಲ್ಲೂ ಒಂದೇ ಎತ್ತರಕ್ಕೆ ಇರುವುದಿಲ್ಲ. ಆ ಎತ್ತರ ವ್ಯತ್ಯಾಸವಾದರೆ ಒಳಗಿನ ಜಾಗ ವ್ಯತ್ಯಾಸ, ಜಾಗ ವ್ಯತ್ಯಾಸವಾದರೆ ಒತ್ತಡ ವ್ಯತ್ಯಾಸ. ಹೊರಗಿನಿಂದ ಅವಳಿಜವಳಿಯಂತೆ ಕಾಣುವ ಎರಡು ತೋಟಾ ಒಳಗೆ ಬೇರೆ ಬೇರೆ ಆಗಿರುತ್ತವೆ. ಅಮೆರಿಕದಲ್ಲಿ ತುಂಬುವವರು ಒಂದೇ ಕಂಪನಿಯ ಒಂದೇ ಮಾದರಿಯ ಖಾಲಿ ತೋಟಾಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ವಿಂಗಡಿಸಿಡುವುದು ಇದಕ್ಕೇ.

ರೈಫಲಿನ ಹಿತ್ತಾಳೆ ತೋಟಾದ್ದು ಇನ್ನೂ ಸೂಕ್ಷ್ಮ. ಗುಂಡು ಹಾರಿದ ಕ್ಷಣದಲ್ಲಿ ಹಿತ್ತಾಳೆ ಹಿಗ್ಗಿ, ಕೋವಿಯಲ್ಲಿ ತೋಟಾ ಕೂರುವ ಗೂಡಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಹಾಗೆ ಒತ್ತಿಕೊಂಡರೇ ಅನಿಲ ಹಿಂದಕ್ಕೆ ನುಗ್ಗದೆ ನಿಲ್ಲುವುದು. ಒತ್ತಡ ಇಳಿದ ಮೇಲೆ ಹಿತ್ತಾಳೆ ಸ್ವಲ್ಪ ಕುಗ್ಗುತ್ತದೆ, ತೋಟಾ ಹೊರಗೆ ಬರುತ್ತದೆ. ಆದರೆ ಮೊದಲಿನ ಅಳತೆಗೆ ಮರಳುವುದಿಲ್ಲ. ಅದಕ್ಕೇ ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ತೂರಿಸಿ ಅಳತೆಗೆ ತರುತ್ತಾರೆ, ಅದೇ ಎಳೆತದಲ್ಲಿ ಹಳೆ ಕೇಪು ಕಳಚಿ ಬೀಳುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಹಿತ್ತಾಳೆ ಗಡುಸಾಗುತ್ತದೆ, ಕತ್ತು ಸೀಳುತ್ತದೆ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಮಿಂಚುವ ಒಂದು ಗೆರೆ ಕಂಡರೆ, ಒಳಗೆ ಲೋಹ ತೆಳುವಾಗಿದೆ, ಮುಂದಿನ ಸಲ ಬುಡವೇ ಬೇರೆಯಾದೀತು ಎಂದು ಅರ್ಥ. ಅಂಥ ತೋಟಾವನ್ನು ಇಕ್ಕಳದಲ್ಲಿ ಜಜ್ಜಿ ಎಸೆಯುತ್ತಾರೆ, ಯಾರೂ ಮತ್ತೆ ಬಳಸದಿರಲೆಂದು.

ಕೇಪಿನಲ್ಲೂ ಎರಡು ಬಗೆ. ಬಾಕ್ಸರ್ ಬಗೆಯದರಲ್ಲಿ ಬಡಿತಕ್ಕೆ ಆಸರೆಯಾಗುವ ಪುಟ್ಟ ಅಡಿಗಲ್ಲು ಕೇಪಿನೊಳಗೇ ಇರುತ್ತದೆ, ತೋಟಾದ ತಳದಲ್ಲಿ ನಡುಮಧ್ಯೆ ಒಂದೇ ತೂತು. ಸೂಜಿ ಇಳಿಸಿದರೆ ಹಳೆ ಕೇಪು ಸಲೀಸಾಗಿ ಬರುತ್ತದೆ. ಬರ್ಡನ್ ಬಗೆಯದರಲ್ಲಿ ಅಡಿಗಲ್ಲು ತೋಟಾದ ಮೈಗೇ ಸೇರಿರುತ್ತದೆ, ತೂತುಗಳು ಪಕ್ಕಕ್ಕೆ. ಅಲ್ಲಿ ಸೂಜಿ ಮುರಿಯುತ್ತದೆ, ಕೆಲಸ ನಿಲ್ಲುತ್ತದೆ. ಬಾಕ್ಸರ್ ಇಂಗ್ಲಿಷ್ ಸೇನಾಧಿಕಾರಿ, ಬರ್ಡನ್ ಅಮೆರಿಕದವನು. ಆದರೆ ಅಮೆರಿಕ ಒಪ್ಪಿಕೊಂಡದ್ದು ಬಾಕ್ಸರನ ಕೇಪನ್ನು, ಯೂರೋಪಿನ ಬಹಳಷ್ಟು ಸೇನೆಗಳು ಒಪ್ಪಿಕೊಂಡದ್ದು ಬರ್ಡನನ ಕೇಪನ್ನು. ಮನೆಯಲ್ಲಿ ತುಂಬುವ ಹವ್ಯಾಸ ಅಮೆರಿಕದಲ್ಲಿ ಅಷ್ಟು ಬೆಳೆಯಲು ಈ ಒಂದೇ ತೂತಿನ ತೋಟಾ ದೊಡ್ಡ ಕಾರಣ.

ಈಗ ಮದ್ದು. ಇಲ್ಲೇ ನಮ್ಮ ಜನ ಎಡವುವುದು. ಹಳೆಯ ಕರಿಮದ್ದು ಎಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಹೊಗೆರಹಿತ ಮದ್ದು ನೈಟ್ರೋಸೆಲ್ಯುಲೋಸಿನದು, ಕೆಲವದರಲ್ಲಿ ನೈಟ್ರೋಗ್ಲಿಸರಿನ್ ಕೂಡ ಸೇರಿರುತ್ತದೆ. ಹೆಸರು ಎರಡಕ್ಕೂ ಮದ್ದು, ಗುಣ ಬೇರೆ. ಹೊಗೆರಹಿತದ್ದರಲ್ಲೇ ಬೇಗ ಉರಿಯುವುದು, ನಿಧಾನ ಉರಿಯುವುದು ಎಂದು ಹತ್ತಾರು ತರ. ಪಿಸ್ತೂಲಿಗೆ ಹೊಂದುವ ಮದ್ದನ್ನು ರೈಫಲಿನ ಅಳತೆಯಲ್ಲಿ ತುಂಬಿದರೆ ಕೋವಿಯೇ ಬಾಂಬಾಗುತ್ತದೆ. ಬಣ್ಣ, ಹರಳಿನ ಆಕಾರ ನೋಡಿ ಯಾವುದೆಂದು ಹೇಳಲು ತಯಾರಿಸಿದವನಿಗೂ ಆಗದು. ಅದಕ್ಕೇ ಅಲ್ಲಿ ಡಬ್ಬಿಯ ಮೇಲಿನ ಹೆಸರು, ಆ ಹೆಸರಿಗೆ ಕಂಪನಿ ಪರೀಕ್ಷೆ ಮಾಡಿ ಅಚ್ಚು ಹಾಕಿಸಿದ ಕೋಷ್ಟಕ, ಎರಡೂ ಇಲ್ಲದೆ ಯಾರೂ ಮುಟ್ಟುವುದಿಲ್ಲ. ಯಾವ ತೋಟಾ, ಯಾವ ಕೇಪು, ಯಾವ ಮದ್ದು, ಎಷ್ಟು ಗ್ರೇನು, ಎಷ್ಟು ಚರೆ ಎಂದು ಸಾಲಾಗಿ ಬರೆದಿರುತ್ತದೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಅವರು ತೂಗುವುದು ಅದರ ಹತ್ತನೇ ಒಂದು ಭಾಗದವರೆಗೆ. ಆಲೆಮನೆಯಲ್ಲಿ ಪಾಕದ ಹದವನ್ನು ಕಣ್ಣಿನಲ್ಲೇ ನೋಡಿ ಹೇಳುವ ಹಿರಿಯರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ. ಮದ್ದಿಗೆ ಆ ಥರದ ಕಣ್ಣಂದಾಜು ಇಲ್ಲವೇ ಇಲ್ಲ, ಎಷ್ಟು ವರ್ಷ ಪಳಗಿದ ಕೈಯಾದರೂ.

ಒತ್ತಡದ ಅಂಕಿ ಹೇಳಿದರೆ ವಿಷಯ ಇನ್ನೂ ಸ್ಪಷ್ಟ. ಅಮೆರಿಕದ ಮಾನದಂಡದಲ್ಲಿ ಹನ್ನೆರಡು ಬೋರಿನ ಮಾಮೂಲಿ ತೋಟಾದ ಮಿತಿ ಚದರ ಇಂಚಿಗೆ 11,500 ಪೌಂಡು. ಥರ್ಟಿ ಆಟ್ ಸಿಕ್ಸ್ ರೈಫಲ್ ತೋಟಾದ್ದು 60,000. ಚರೆ ಕೋವಿಯದು ಕಡಿಮೆ ಅಲ್ಲವೇ ಎನ್ನಬೇಡಿ. ಅದರ ನಳಿಗೆಯ ಗೋಡೆ ಕೂಡ ತೆಳು. ಮದ್ದು ಎರಡು ಸಲ ಬಿದ್ದರೆ ಅದು ತಡೆಯುವುದಿಲ್ಲ.

ಮದ್ದು ಬೀಳದೇ ಹೋದರೂ ಅಪಾಯವೇ. ಕೇಪಿನ ಬಲಕ್ಕೇ ಗುಂಡೋ, ಮದ್ದಿಗೂ ಚರೆಗೂ ನಡುವೆ ಇಡುವ ಬಿರಡೆಯೋ ಸ್ವಲ್ಪ ದೂರ ಹೋಗಿ ನಳಿಗೆಯಲ್ಲಿ ನಿಲ್ಲುತ್ತದೆ. ‘ಟುಸ್’ ಎಂಬ ಸಣ್ಣ ಸದ್ದು, ಅಷ್ಟೆ. ಹಾರಿಸಿದವನು ತೋಟಾ ಕೆಟ್ಟಿದೆ ಎಂದುಕೊಂಡು ಇನ್ನೊಂದನ್ನು ಹಾಕಿ ಕುದುರೆ ಎಳೆಯುತ್ತಾನೆ. ರಿಪೇರಿಗೆ ಬಂದ ಅಂಥ ನಳಿಗೆಗಳನ್ನು ನೋಡಿದ್ದೇನೆ. ತಡೆ ಇದ್ದ ಜಾಗದಲ್ಲಿ ಸುತ್ತಲೂ ಬಳೆಯಂತೆ ಉಬ್ಬಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಎರಡು ಬೆರಳಲ್ಲಿ ನಳಿಗೆ ಸವರಿಕೊಂಡು ಹೋದರೆ ಸಿಗುತ್ತದೆ. ಉಬ್ಬಿ ನಿಂತಿತಲ್ಲ ಎಂದು ಮಾಲೀಕನಿಗೆ ಹೇಳುತ್ತೇನೆ, ಏಕೆಂದರೆ ಸೀಳಿದ ನಳಿಗೆಯ ಹಿಂದೆ ಎಡಗೈ ಬೆರಳುಗಳಿರುತ್ತವೆ. ಪುಣ್ಯಕ್ಕೆ ಉಬ್ಬಿದ್ದರೂ ಅದನ್ನು ಮತ್ತೆ ಬಳಸುವ ಹಾಗಿಲ್ಲ.

ಇನ್ನು ನಿಮ್ಮ ನೇರ ಪ್ರಶ್ನೆಗೆ: ದುಡ್ಡು ಉಳಿಯುತ್ತದೆಯೇ?

ಹೊಸ ತೋಟಾದ ಬೆಲೆಯಲ್ಲಿ ನಿಮಗೆ ಉಳಿಯುವುದು ಖಾಲಿ ಕೊಳವೆಯ ಬೆಲೆ ಮಾತ್ರ. ಕೇಪು, ಮದ್ದು, ಬಿರಡೆ, ಚರೆ ಎಲ್ಲವನ್ನೂ ಪ್ರತಿ ಸಲ ಕೊಳ್ಳಲೇಬೇಕು. ರೈಫಲಿನಲ್ಲಿ ಹಿತ್ತಾಳೆ ಕೊಳವೆಯೇ ದುಬಾರಿ ಭಾಗ, ಅದನ್ನು ಹಲವು ಸಲ ಬಳಸಬಹುದು, ಆದ್ದರಿಂದ ಉಳಿತಾಯ ನಿಜ. ಅದರಲ್ಲೂ ಗುರಿ ಸ್ಪರ್ಧೆಯ ದುಬಾರಿ ತೋಟಾಗಳಲ್ಲಿ ಹೆಚ್ಚು. ಹನ್ನೆರಡು ಬೋರಿನಲ್ಲಿ ಕೊಳವೆ ಅಗ್ಗದ ಪ್ಲಾಸ್ಟಿಕ್, ತೂಕದ ಬಾಬತ್ತು ಸೀಸದ್ದು. ಒಂದು ತೋಟಾಗೆ 28 ಗ್ರಾಂ ಚರೆ ಎಂದಿಟ್ಟುಕೊಂಡರೂ ಒಂದು ಕಿಲೋ ಸೀಸದಲ್ಲಿ ಆಗುವುದು 35 ತೋಟಾ. ಸೀಸದ ಬೆಲೆ ಏರಿದಂತೆ ಉಳಿತಾಯ ಕರಗುತ್ತದೆ. ಅಮೆರಿಕದಲ್ಲೂ ಮಾಮೂಲಿ ಹನ್ನೆರಡು ಬೋರಿನ ತೋಟಾವನ್ನು ಮನೆಯಲ್ಲಿ ತುಂಬುವುದು ಲಾಭವೋ ಅಲ್ಲವೋ ಎಂದು ಜಗ್ಗಾಡುತ್ತಾರೆ. ಇಪ್ಪತ್ತೆಂಟು ಬೋರು, ಪಾಯಿಂಟ್ 410ರಂಥ ಸಣ್ಣ, ದುಬಾರಿ ತೋಟಾಗಳಲ್ಲಿ ಉಳಿತಾಯವಿದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅರ್ಧಕ್ಕರ್ಧ ಎನ್ನುವ ನಿಮ್ಮ ಅಕ್ಕನ ಮಗ ಬಹುಶಃ ರೈಫಲ್ ತೋಟಾದ ಲೆಕ್ಕ ಹೇಳುತ್ತಿದ್ದಾನೆ. ಕೇಳಿ ನೋಡಿ.

ಸಲಕರಣೆಯ ಖರ್ಚು ಬೇರೆ. ಪ್ರೆಸ್ಸು, ಡೈಗಳು, ತಕ್ಕಡಿ, ಮದ್ದಿನ ಅಳತೆ, ಕೋಷ್ಟಕದ ಪುಸ್ತಕ ಸೇರಿ ಕೆಲವು ನೂರು ಡಾಲರ್ ಅಲ್ಲೇ ಆಗುತ್ತದೆ. ಒಂದೊಂದೇ ಹಂತ ಮಾಡುವ ಸಾದಾ ಪ್ರೆಸ್ಸಿನಲ್ಲಿ ಗಂಟೆಗೆ 50ರಿಂದ 100 ತೋಟಾ ಮುಗಿದರೆ ಹೆಚ್ಚು. ಸ್ಪರ್ಧೆಗೆ ವರ್ಷಕ್ಕೆ ಸಾವಿರಗಟ್ಟಲೆ ಹಾರಿಸುವವನಿಗೆ ಆ ಖರ್ಚು ಹಿಂತಿರುಗುತ್ತದೆ. ನಿಮ್ಮ ಲೈಸೆನ್ಸು ಪುಸ್ತಕ ತೆಗೆದು ನೋಡಿ. ಒಂದು ಸಲಕ್ಕೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಅದರಲ್ಲೇ ಬರೆದಿದೆ. ಹಂದಿ ಹೆದರಿಸಲು ಅದರಲ್ಲೂ ಪೂರ್ತಿ ಖರ್ಚಾಗುವುದಿಲ್ಲ. ಮನೆಯಲ್ಲಿ ತುಂಬಿದ ತೋಟಾಗೆ ಆ ಪುಸ್ತಕದಲ್ಲಿ ಲೆಕ್ಕವೇ ಇರುವುದಿಲ್ಲ. ಕಾನೂನು ಬಿಟ್ಟಿದ್ದರೂ ಈ ಪ್ರಮಾಣಕ್ಕೆ ಪ್ರೆಸ್ ಕೊಳ್ಳುವುದು ಲೆಕ್ಕಕ್ಕೆ ಕೂರುವುದಿಲ್ಲ.

ಹಾಗಾದರೆ ಲಕ್ಷಾಂತರ ಜನ ಯಾಕೆ ಮಾಡುತ್ತಾರೆ? ದುಡ್ಡಿಗಿಂತ ಮುಖ್ಯವಾದ ಕಾರಣ ನಿಖರತೆ. ಒಂದೇ ರೈಫಲಿಗೆ ಹೊಂದುವ ಹಾಗೆ ಗುಂಡಿನ ತೂಕ, ಕೂರಿಸುವ ಆಳ, ಮದ್ದಿನ ಪ್ರಮಾಣ ತಿದ್ದುತ್ತಾ ಹೋದರೆ ದೂರದ ಗುರಿಯಲ್ಲಿ ಗುಂಡುಗಳು ಹತ್ತಿರ ಹತ್ತಿರ ಬೀಳುತ್ತವೆ. ಅದರಲ್ಲಿ ನಿಜವಾದ ಆನಂದವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೆಸರಿರುವ ಮದ್ದು, ಅಚ್ಚಾದ ಕೋಷ್ಟಕ, ನಂಬಬಹುದಾದ ಕೇಪು, ಕೇಳಿದರೆ ಹೇಳುವ ಅಂಗಡಿಯವನು, ಕಾನೂನಿನ ಒಪ್ಪಿಗೆ, ಇವಿಷ್ಟೂ ಒಟ್ಟಿಗೆ ಇರುವ ಕಡೆ ಅದು ಯೋಗ್ಯ ಹವ್ಯಾಸ. ನಮ್ಮಲ್ಲಿ ಈ ಐದರಲ್ಲಿ ಒಂದೂ ನೆಟ್ಟಗಿಲ್ಲ. ಪ್ರೆಸ್ ಒಂದನ್ನು ತಂದಿಟ್ಟರೆ ಉಳಿದದ್ದನ್ನೆಲ್ಲ ಊಹೆಯಿಂದ ತುಂಬಬೇಕಾಗುತ್ತದೆ. ನನ್ನ ಭಯವೆಲ್ಲ ಆ ಊಹೆಯದೇ.

ಮಗಳ ವಿಷಯಕ್ಕೆ ಬರೋಣ, ಅಲ್ಲಿ ಸಂತೋಷದ ಸಂಗತಿಯೇ ಇದೆ. ಅವಳು ಕಲಿಯುತ್ತಿರುವುದು 10 ಮೀಟರ್ ಏರ್ ರೈಫಲ್ ಆಗಿದ್ದರೆ ಅದರಲ್ಲಿ ಮದ್ದೇ ಇಲ್ಲ, ಗಾಳಿಯ ಒತ್ತಡಕ್ಕೆ ಸೀಸದ ಪೆಲೆಟ್ ಹೋಗುತ್ತದೆ. 50 ಮೀಟರಿಗೆ ಹೋದರೆ ಪಾಯಿಂಟ್ 22 ತೋಟಾ. ಅದರಲ್ಲಿ ಬೇರೆ ಕೇಪೇ ಇಲ್ಲ. ಸಿಡಿಯುವ ವಸ್ತುವನ್ನು ಬುಡದ ಅಂಚಿನೊಳಗೇ ಸುತ್ತಿ ತುಂಬಿರುತ್ತಾರೆ, ಮೊಳೆ ಬಂದು ಆ ಅಂಚನ್ನೇ ಜಜ್ಜುತ್ತದೆ. ಒಮ್ಮೆ ಜಜ್ಜಿದ ಅಂಚು ಮುಗಿಯಿತು, ಅದನ್ನು ಮತ್ತೆ ತುಂಬುವ ಕ್ರಮವಿಲ್ಲ. ಅಂದರೆ ಅವಳ ಆಟಕ್ಕೆ ಪ್ರೆಸ್ಸಿನಿಂದ ಏನೇನೂ ಉಪಯೋಗವಿಲ್ಲ.

ಒಲಿಂಪಿಕ್ಸಿನಲ್ಲಿ ಭಾರತ ಶೂಟಿಂಗಿನಲ್ಲಿ ಗೆದ್ದ ಪದಕಗಳನ್ನೇ ನೋಡಿ. 2008ರ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ತಂದದ್ದು ಏರ್ ರೈಫಲಿನಲ್ಲಿ. 2012ರ ಲಂಡನ್ನಿನಲ್ಲಿ ಗಗನ್ ನಾರಂಗ್ ಕಂಚು ಏರ್ ರೈಫಲಿನದು, ವಿಜಯ್ ಕುಮಾರ್ ಬೆಳ್ಳಿ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನದು, ಅದೂ ಪಾಯಿಂಟ್ 22. 2024ರ ಪ್ಯಾರಿಸಿನಲ್ಲಿ ಮನು ಭಾಕರ್ ಒಂಟಿಯಾಗಿಯೂ, ಸರಬ್ಜೋತ್ ಸಿಂಗ್ ಜೊತೆಗೂ ಗೆದ್ದ ಕಂಚುಗಳು ಏರ್ ಪಿಸ್ತೂಲಿನವು, ಸ್ವಪ್ನಿಲ್ ಕುಸಾಳೆಯ ಕಂಚು 50 ಮೀಟರ್ ರೈಫಲಿನದು. ಮತ್ತೆ ತುಂಬಬಹುದಾದ ತೋಟಾ ಬಳಸುವ ವಿಭಾಗದಲ್ಲಿ ಬಂದ ಪದಕ ಒಂದೇ, 2004ರ ಅಥೆನ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಚರೆ ಕೋವಿಯ ಡಬಲ್ ಟ್ರ್ಯಾಪ್ ಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿ. ಮಗಳಿಗೆ ಖರ್ಚು ಮಾಡುವ ಮನಸ್ಸಿದ್ದರೆ ಒಳ್ಳೆಯ ಶೂಟಿಂಗ್ ಜಾಕೆಟ್ಟಿಗೆ, ಒಂದೇ ಬ್ಯಾಚಿನ ಪೆಲೆಟ್ ಡಬ್ಬಿಗಳಿಗೆ, ಕೋಚಿನ ಸಮಯಕ್ಕೆ ಮಾಡಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನಮ್ಮ ಹಳ್ಳಿಗಳಲ್ಲಿ ನಡೆಯುವ ಕೆಲವು ಮಾತು ಹೇಳದೆ ಬಿಡಲಾರೆ.

ಕೆಲವರ ಮನೆಯಲ್ಲಿ ಇನ್ನೂ ಕೇಪಿನ ಕೋವಿ ಇದೆ, ನಳಿಗೆಯ ಬಾಯಿಯಿಂದ ಮದ್ದು, ಚರೆ ಹಾಕಿ ಗಜದ ಕೋಲಿನಿಂದ ಜಡಿದು ಹಾರಿಸುವಂಥದು. ಆ ಕೋವಿಯ ಕ್ರಮವೇ ಹಾಗೆ, ಅದರ ಲೈಸೆನ್ಸಿನಲ್ಲಿ ಮದ್ದು, ಕೇಪು ಕೊಳ್ಳುವ ಅವಕಾಶವನ್ನು ಬರೆದಿರುತ್ತಾರೆ. ಅದು ಕರಿಮದ್ದಿಗೆಂದೇ ಮಾಡಿದ ಕೋವಿ. ಕರಿಮದ್ದು ಸಿಗಲಿಲ್ಲವೆಂದು ತೋಟಾ ಬಿಚ್ಚಿ ಅದರ ಹೊಗೆರಹಿತ ಮದ್ದನ್ನು ಕೇಪಿನ ಕೋವಿಗೆ ಸುರಿದರೆ ನಳಿಗೆ ಸೀಳಿ ಮುಖಕ್ಕೆ ಬರುತ್ತದೆ. ಪಟಾಕಿ ಬಿಚ್ಚಿ ತೆಗೆದ ಪುಡಿಯನ್ನು ಹಾಕುವುದು ಅದಕ್ಕಿಂತ ಕೆಟ್ಟದ್ದು. ಪಟಾಕಿಯ ಅಲ್ಯೂಮಿನಿಯಂ ಮಿಶ್ರಣ ನೂಕುವ ಮದ್ದಲ್ಲ, ಸಿಡಿಯುವ ಮದ್ದು. ಬಿಚ್ಚುವಾಗಲೇ ಕೈ ಹೋಗುತ್ತದೆ. ಹಂದಿಗೆಂದು ಸಿಡಿಮದ್ದಿನ ಉಂಡೆ ಮಾಡುವವರ ಮಾತನ್ನು ಕೇಳಲೂ ಬೇಡಿ. ಅದನ್ನು ದನವೂ ಕಚ್ಚುತ್ತದೆ, ಆನೆಯೂ ಕಚ್ಚುತ್ತದೆ, ಮಗು ಎತ್ತಿಕೊಂಡರೂ ಆಯಿತು.

ತೋಟಾದ ಬಾಯಿ ಬಿಚ್ಚಿ, ಚರೆ ಸುರಿದು, ಬದಲಿಗೆ ಬೇರಿಂಗಿನ ಉಕ್ಕಿನ ಗುಂಡು ಹಾಕುವುದೂ ಇದೆ. ಇದನ್ನು ‘ತಯಾರಿಕೆ ಅಲ್ಲ, ಬರೀ ಬದಲಾವಣೆ’ ಎಂದುಕೊಳ್ಳುತ್ತಾರೆ. ಬಹಳ ನಳಿಗೆಗಳ ತುದಿ ಸ್ವಲ್ಪ ಕಿರಿದಾಗಿರುತ್ತದೆ, ಚರೆ ಚೆದುರದಿರಲೆಂದು. ಸೀಸ ಮೆತ್ತಗೆ, ಅಲ್ಲಿ ಬಳುಕಿ ಹೋಗುತ್ತದೆ. ಉಕ್ಕು ಬಳುಕುವುದಿಲ್ಲ. ನಳಿಗೆಯ ತುದಿ ಹರಿಯುತ್ತದೆ.

ಶ್ರೀರಂಗಪಟ್ಟಣಕ್ಕೆ ಹೋದಾಗ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ನೋಡಿ. ಅವುಗಳಲ್ಲಿ ಒಂದು ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಅಡ್ಡವಾಗಿತ್ತು, 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಗೋಡೆಯ ದಪ್ಪ ಗಮನಿಸಿ, ಒಳಗೆ ಹೇಗೆ ತಂಪು ಇದೆ ಎಂದು ಗಮನಿಸಿ. ರಾಕೆಟ್ಟಿನಿಂದ ಇಂಗ್ಲಿಷರನ್ನು ಬೆಚ್ಚಿಬೀಳಿಸಿದ ಜನಕ್ಕೂ ಮದ್ದನ್ನು ವಾಸದ ಮನೆಯೊಳಗೆ ಇಡಬಾರದು ಎಂಬ ತಿಳಿವಳಿಕೆ ಇತ್ತು. ಮನೆಯಲ್ಲಿ ತುಂಬುವುದೆಂದರೆ ಮದ್ದಿನ ಡಬ್ಬಿ, ಬಡಿದರೆ ಸಿಡಿಯುವ ಕೇಪಿನ ಪೆಟ್ಟಿಗೆ, ಸೀಸದ ಧೂಳು ಎಲ್ಲವೂ ಅಡುಗೆಮನೆಗೆ ನಾಲ್ಕು ಹೆಜ್ಜೆ ದೂರದಲ್ಲಿ, ಮಕ್ಕಳು ಓಡಾಡುವ ಕಡೆ ಇರುವುದು. ಕೇಪಿನ ರಾಸಾಯನಿಕದಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ.

ಮಾಡಬೇಕಾದ್ದು ಏನು ಎನ್ನುವಿರಾದರೆ, ಮೊದಲು ನಿಮ್ಮ ಕೋವಿಯ ನಳಿಗೆ ಕಳಚಿ ಬುಡದ ಚಪ್ಪಟೆ ಭಾಗದಲ್ಲಿ ಕೊರೆದ ಗುರುತುಗಳನ್ನು ಓದಿ. ತಂದೆಯವರ ಕಾಲದ ಜೋಡಿ ನಳಿಗೆ ಎಂದಿದ್ದೀರಿ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಗೂಡು ಎರಡೂವರೆ ಇಂಚಿನದು, ಅಂದರೆ 65 ಮಿಲಿಮೀಟರ್. ಈಗ ಬರುವ ಎಷ್ಟೋ ತೋಟಾ 70 ಮಿಲಿಮೀಟರಿನವು. ತೊಂದರೆ ಏನೆಂದರೆ, ಬಾಯಿ ಮಡಚಿದ ಉದ್ದದ ತೋಟಾ ಗಿಡ್ಡ ಗೂಡಿಗೂ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಡಬ್ಬಿಯ ಮೇಲಿನ ಅಳತೆಗೂ ನಳಿಗೆಯ ಮೇಲಿನ ಅಳತೆಗೂ ತಾಳೆ ನೋಡದೆ ಒಂದನ್ನೂ ಹಾರಿಸಬೇಡಿ. ನೈಟ್ರೋ ಮದ್ದಿಗೆ, ಅಂದರೆ ಹೊಗೆರಹಿತ ಮದ್ದಿಗೆ, ಪರೀಕ್ಷೆ ಆದ ಗುರುತು ಇದೆಯೇ ನೋಡಿ. ನಳಿಗೆಯ ಮೈಮೇಲೆ ಮರದ ಎಳೆಯಂಥ ಸುರುಳಿ ವಿನ್ಯಾಸ ಕಂಡರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೇ ಕಾಲದ ಡಮಾಸ್ಕಸ್ ನಳಿಗೆ ಇರಬಹುದು, ಬಲ್ಲವರಿಗೆ ತೋರಿಸುವವರೆಗೆ ಗೋಡೆಯ ಮೇಲೆಯೇ ಇರಲಿ. ಓದಲು ಬಾರದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಲೈಸೆನ್ಸು ಪುಸ್ತಕ ಸಮೇತ ಹೋಗಿ.

ತೋಟಾವನ್ನು ಲೈಸೆನ್ಸ್ ಇರುವ ಡೀಲರಿಂದಲೇ ಕೊಳ್ಳಿ, ಪುಸ್ತಕದಲ್ಲಿ ಬರೆಸಿ. ಹೊಸ ಡಬ್ಬಿಯಿಂದ ಒಂದೆರಡು ಹಾರಿಸಿ ನೋಡಿ, ಕೇಪಿನ ಗುಳಿ ನಡುವೆ ಬಿದ್ದಿದೆಯೇ, ತೋಟಾ ಸಲೀಸಾಗಿ ಹೊರಗೆ ಬಂತೇ ಎಂದು ಗಮನಿಸಿ. ಮಳೆಗಾಲದಲ್ಲಿ ಅಟ್ಟದ ಮೇಲೆ, ಒಲೆಯ ಹತ್ತಿರ ಇಡಬೇಡಿ, ಬೀಗ ಇರುವ ಉಕ್ಕಿನ ಬೀರುವಿನಲ್ಲಿ ಒಣಗಿದ ಜಾಗದಲ್ಲಿ ಇರಲಿ. ಬುಡಕ್ಕೆ ಹಸಿರು ಕಿಲುಬು ಹಿಡಿದ, ಮೈ ಉಬ್ಬಿದ ಹಳೆ ತೋಟಾಗಳನ್ನು ಬಿಚ್ಚಲು ಹೋಗಬೇಡಿ. ಡೀಲರನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಿ, ರಸೀದಿ ಇಟ್ಟುಕೊಳ್ಳಿ. ಕುದುರೆ ಎಳೆದಾಗ ತೋಟಾ ಹಾರದಿದ್ದರೆ ತಕ್ಷಣ ಬಿಚ್ಚಬೇಡಿ. ಕೆಲವು ಕೇಪು ತಡವಾಗಿ ಹತ್ತಿಕೊಳ್ಳುತ್ತವೆ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾದು ಆಮೇಲೆ ಬಿಚ್ಚಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿಯೇ ಮುಂದಿನದನ್ನು ಹಾಕಿ.

ಕೋವಿ ಹಿಡಿಯುವ ಅಭ್ಯಾಸ ಹೆಚ್ಚಾಗಲಿ ಎಂಬ ಆಸೆ ಇದ್ದರೆ ಅದಕ್ಕೆ ತೋಟಾ ಸುಡಬೇಕಿಲ್ಲ. ಖಾಲಿ ಕೋವಿಯನ್ನು ಭುಜಕ್ಕೆ ಏರಿಸುವುದು, ಕಣ್ಣು ಸಾಲಿಗೆ ತರುವುದು ದಿನಾ ಮಾಡಬಹುದು. ಗುರಿಗೆ ಏರ್ ರೈಫಲ್ ಇದೆ. 4.5 ಮಿಲಿಮೀಟರ್ ಬೋರಿನ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸು ಬೇಡ. ಮಗಳ ಜೊತೆ ನೀವೂ ಅಭ್ಯಾಸ ಮಾಡಿ. ಹಕ್ಕಿಯ ಮೇಲೆ ಮಾತ್ರ ಬೇಡ, ಅದು 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತದೆ. ಹಂದಿಯನ್ನು ಹೊಡೆಯುವುದೂ ಅದೇ ಕಾಯ್ದೆಯ ಮಾತು, ಅರಣ್ಯ ಇಲಾಖೆಯನ್ನು ಕೇಳದೆ ಆ ಕಡೆ ಹೋಗಬೇಡಿ.

ಇಷ್ಟರ ಮೇಲೂ ತಯಾರಿಕೆಯ ಬಗ್ಗೆ ಅನುಮಾನ ಉಳಿದಿದ್ದರೆ ಮಂಡ್ಯದ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಲೈಸೆನ್ಸ್ ವಿಭಾಗಕ್ಕೆ ಬರೆದು ಕೊಡಿ, ಉತ್ತರವನ್ನು ಬರಹದಲ್ಲೇ ಕೇಳಿ. ಕೂಡಿಟ್ಟ ಖಾಲಿ ತೋಟಾಗಳನ್ನು ಏನು ಮಾಡಬೇಕೆಂದೂ ಅದೇ ಅರ್ಜಿಯಲ್ಲಿ ಕೇಳಿಬಿಡಿ. ಅಲ್ಲಿಯವರೆಗೆ ಗುಜರಿಗೆ ಹಾಕಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಅಕ್ಕನ ಮಗ ಏನಾದರೂ ತರಲೇಬೇಕೆಂದು ಹಟ ಹಿಡಿದರೆ ಕಿವಿಗೆ ಹಾಕುವ ಒಳ್ಳೆಯ ಮಫ್ ಎರಡು ಜೊತೆ, ಕಣ್ಣಿಗೆ ಗಟ್ಟಿ ಕನ್ನಡಕ ಎರಡು ತರಲು ಹೇಳಿ. ಒಂದು ನಿಮಗೆ, ಇನ್ನೊಂದು ಮಗಳಿಗೆ.